‘ನಾನು’ ಹೇಳುವ ಕತೆ: ಓದುಗ ಅನುಮಾನಿಸುವಂಥ ನಿರೂಪಕನನ್ನು ಕಟ್ಟುವುದು ಹೇಗೆ

ಮುಧೋಳ ಕಡೆಯ ಒಬ್ಬ ರೈತ, ವಯಸ್ಸು ಐವತ್ತೆರಡು, ತನ್ನ ತಮ್ಮನ ಮಗಳ ಮುಂದೆ ಕೂತು ಹೀಗೆ ಹೇಳುತ್ತಾನೆ ಎಂದುಕೊಳ್ಳಿ:

“ಎಳ್ಳಮಾಸಿ ದಿನಾ ರಾತ್ರಿ ಬಾವಿ ಕಟ್ಟಿ ಮ್ಯಾಲ ಕುಂತಿದ್ವಿ. ಬೆಳದಿಂಗಳಾಗ ನಿಮ್ಮಪ್ಪನ ಮಾರಿ ಸ್ವಚ್ಛ ಕಾಣತಿತ್ತು. ನಕ್ಕೊಂತನ ವಾಟ್ನಿಪತ್ರಕ್ಕ ಸಹಿ ಮಾಡಿದ. ನಾ ಏನೂ ಅನ್ನಲಿಲ್ಲವಾ, ತಾನಾಗೇ ಮಾಡಿದ.”

ವಾಟ್ನಿಪತ್ರ ಎಂದರೆ ಆಸ್ತಿ ಪಾಲು ಮಾಡಿಕೊಂಡ ಕಾಗದ. ಮಾತು ಸಹಜವಾಗಿದೆ, ಮನುಷ್ಯ ಒಳ್ಳೆಯವನಂತೆಯೇ ಕಾಣುತ್ತಾನೆ. ಆದರೆ ಎಳ್ಳ ಅಮವಾಸ್ಯೆಯ ರಾತ್ರಿ ಬೆಳದಿಂಗಳು ಎಲ್ಲಿಂದ ಬಂತು? ಸಜ್ಜಿ ಕಡಬು, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಯಾರಿಗೇ ಆದರೂ ಇದು ಒಡನೆ ತಟ್ಟುತ್ತದೆ. ಈತ ಆ ರಾತ್ರಿ ತಮ್ಮನ ಮುಖ ನೋಡಿಲ್ಲ. ನೋಡಿದ್ದರೂ ನಗು ನೋಡಿಲ್ಲ. ತಮ್ಮ ನಕ್ಕಿದ್ದ ಎಂದು ನಂಬದೆ ಇವನಿಗೆ ನಿದ್ದೆ ಬರುವುದಿಲ್ಲ. ನಗು ಕಾಣಬೇಕಾದರೆ ಬೆಳಕು ಬೇಕು. ಹಾಗಾಗಿ ಇಪ್ಪತ್ತು ವರ್ಷಗಳಲ್ಲಿ ಅವನ ನೆನಪು ಅಲ್ಲಿ ಒಂದು ಚಂದ್ರನನ್ನು ಇಟ್ಟುಕೊಂಡಿದೆ.

ಕತೆ ಬರೆದವರಿಗೆ ಗೊತ್ತಿರುವುದಕ್ಕೂ ಕತೆಯೊಳಗಿನ ‘ನಾನು’ ಹೇಳುವುದಕ್ಕೂ ನಡುವೆ ಬೇಕೆಂದೇ ಬಿಟ್ಟ ಇಂಥ ಸಂದಿನಿಂದ ನಂಬಲಾಗದ ನಿರೂಪಕ ಹುಟ್ಟುತ್ತಾನೆ. ಈ ಹೆಸರನ್ನು ವಿಮರ್ಶೆಗೆ ಕೊಟ್ಟವರು ಅಮೆರಿಕದ ವೇಯ್ನ್ ಬೂತ್, 1961ರಲ್ಲಿ. ಹೆಸರು ಹೊರಗಿನಿಂದ ಬಂದಿರಬಹುದು, ಪರಿಪಾಠ ನಮಗೆ ಹೊಸದಲ್ಲ. ಹರದೇಶಿ–ನಾಗೇಶಿ ಹಾಡಕಿಯಲ್ಲಿ ಒಂದು ಮೇಳ ಗಂಡೇ ಹೆಚ್ಚು ಎಂದು, ಇನ್ನೊಂದು ಹೆಣ್ಣೇ ಹೆಚ್ಚು ಎಂದು ವಾದ ಹೂಡುವುದನ್ನು ನಮ್ಮ ಜನ ಕೇಳುತ್ತ ಬಂದಿದ್ದಾರೆ. ಇಬ್ಬರೂ ತಮ್ಮ ಪಕ್ಷವನ್ನೇ ಎಳೆಯುತ್ತಾರೆ ಎಂಬುದು ಕೇಳುವವರಿಗೆ ಗೊತ್ತು, ಆದರೂ ಎರಡೂ ಕಡೆಯ ಮಾತಿಗೆ ಕಿವಿ ಕೊಡುತ್ತಾರೆ. ಇಲ್ಲಿಯ ಓದುಗ ಒಂದೇ ಪಕ್ಷದ ಮಾತನ್ನು ತೂಗಿ ನೋಡಬಲ್ಲವನು. ಅವನ ಮೇಲೆ ಭರವಸೆ ಇಟ್ಟು ಬರೆಯಿರಿ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನ ಎಣಿಕೆಯನ್ನು ನೋಡಿ ‘ನಾನು’ ಕತೆಯನ್ನು ‘ಪ್ರಥಮ ಪುರುಷ ನಿರೂಪಣೆ’ ಎಂದು ಬರೆಯುವವರು ಬಹಳ. ಕನ್ನಡ ವ್ಯಾಕರಣದಲ್ಲಿ ನಾನು, ನಾವು ಉತ್ತಮ ಪುರುಷ; ಅವನು, ಅವಳು, ಅದು ಪ್ರಥಮ ಪುರುಷ. ಆದ್ದರಿಂದ ಇದನ್ನು ‘ಉತ್ತಮ ಪುರುಷ ನಿರೂಪಣೆ’ ಎಂದೇ ಕರೆಯಬೇಕು.

ಬರೆಯುವ ಮೊದಲು

ಒಂದು ಹಾಳೆಯ ಮೇಲೆ ನಾಲ್ಕು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆದುಕೊಳ್ಳಿ. ಯಾರು ಹೇಳುತ್ತಿದ್ದಾರೆ? ಯಾರಿಗೆ? ಘಟನೆ ನಡೆದ ಎಷ್ಟು ದಿನಕ್ಕೆ? ಈಗಲೇ ಯಾಕೆ?

ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಬರೆಯುತ್ತಾರೆ. ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಕತೆ ಸಡಿಲಾಗುವುದು ಅಲ್ಲೇ. ಮೇಲಿನ ರೈತ ಅದೇ ಸಂಗತಿಯನ್ನು ವಕೀಲನಿಗೆ ಹೇಳಿದರೆ ತಾರೀಖು, ಸರ್ವೆ ನಂಬರು ಬರುತ್ತವೆ. ಹೆಂಡತಿಗೆ ಹೇಳಿದರೆ ಅರ್ಧ ಮಾತು ಹೇಳುವ ಅಗತ್ಯವೇ ಇಲ್ಲ, ಅವಳಿಗೆ ಗೊತ್ತು. ತಮ್ಮನ ಮಗಳ ಮುಂದೆ ಹೇಳುವಾಗ ಮಾತ್ರ “ನಿಮ್ಮಪ್ಪ ನಕ್ಕೊಂತ ಸಹಿ ಮಾಡಿದ” ಎಂಬ ಸಾಲು ಬೇಕಾಗುತ್ತದೆ. ಸುಳ್ಳಿನ ಆಕಾರವನ್ನು ಅರ್ಧದಷ್ಟು ಕೇಳುವವರೇ ತೀರ್ಮಾನಿಸುತ್ತಾರೆ. ಹನ್ನೆರಡನೆಯ ಶತಮಾನದ ವಚನಗಳನ್ನೇ ನೋಡಿ: ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತವೂ ಹೌದು, ಬಹಳ ಕಡೆ ಮಾತು ಯಾರನ್ನು ಕುರಿತದ್ದೋ ಆ ಹೆಸರೂ ಹೌದು. ಅಲ್ಲಿಯ ‘ನಾನು’ ಗಾಳಿಗೆ ಮಾತಾಡುವುದಿಲ್ಲ, ಎದುರಿಗೆ ಒಬ್ಬರಿದ್ದಾರೆ.

ಮೂರನೆಯ ಪ್ರಶ್ನೆ ಎರಡು ‘ನಾನು’ಗಳನ್ನು ಬೇರೆ ಮಾಡುತ್ತದೆ: ಅಂದು ಅನುಭವಿಸಿದವನು, ಇಂದು ಹೇಳುತ್ತಿರುವವನು. ಇಪ್ಪತ್ತು ವರ್ಷ ಕಳೆದಿದ್ದರೆ ಹೇಳುವವನಿಗೆ ಪರಿಣಾಮ ಗೊತ್ತು, ಅನುಭವಿಸಿದವನಿಗೆ ಗೊತ್ತಿರಲಿಲ್ಲ. “ಆವಾಗ ನನಗ ತಿಳೀಲಿಲ್ಲ” ಎಂಬ ಮಾತು ನಿಜವೂ ಇರಬಹುದು, ತಪ್ಪಿಸಿಕೊಳ್ಳುವ ದಾರಿಯೂ ಇರಬಹುದು. ಯಾವುದು ಎಂಬುದನ್ನು ನೀವು ಮೊದಲೇ ತೀರ್ಮಾನಿಸಿ, ಓದುಗನಿಗೆ ಹೇಳಬೇಡಿ.

ನಾಲ್ಕನೆಯದಕ್ಕೆ ಉತ್ತರ ಸಿಗದಿದ್ದರೆ ಕತೆ ಇನ್ನೂ ಹಣ್ಣಾಗಿಲ್ಲ. ಇಲ್ಲಿ ಉತ್ತರ ಸರಳ: ಹುಡುಗಿ ಬೆಂಗಳೂರಿನಿಂದ ಬಂದು ಉತಾರ, ಅಂದರೆ ಜಮೀನಿನ ಪಹಣಿ, ತೆಗೆಸಿದ್ದಾಳೆ, ಅದರಲ್ಲಿ ಎರಡು ಎಕರೆ ಕಡಿಮೆ ಇದೆ.

ಮೂರು ಕಾಲಮಿನ ವಹಿ

ಇದು ಇಡೀ ಕೆಲಸದ ಬೆನ್ನೆಲುಬು. ಅಂಗಡಿಯ ವಹಿಯಂತೆ ಒಂದು ನೋಟಬುಕ್ಕಿನ ಹಾಳೆಗೆ ಎರಡು ಗೆರೆ ಎಳೆದು ಮೂರು ಕಾಲಮ್ ಮಾಡಿ. ಮೊದಲನೆಯದರಲ್ಲಿ ನಿಜವಾಗಿ ನಡೆದದ್ದು, ಎರಡನೆಯದರಲ್ಲಿ ಅದರಲ್ಲಿ ನಿರೂಪಕನಿಗೆ ಗೊತ್ತಿರುವುದು, ಮೂರನೆಯದರಲ್ಲಿ ಅವನು ಬಾಯಿಬಿಟ್ಟು ಹೇಳುವುದು. ಎರಡು–ಮೂರು ಸಾವಿರ ಪದದ ಸಣ್ಣಕತೆಗೆ ಎಂಟರಿಂದ ಹನ್ನೆರಡು ಸಾಲು ಸಾಕು.

ನಮ್ಮ ರೈತನ ವಹಿಯ ಒಂದು ಸಾಲು ಹೀಗೆ. ನಡೆದದ್ದು: ಆ ವರ್ಷ ನಾಲ್ಕು ಎಕರೆ ಕಬ್ಬು ಚೆನ್ನಾಗಿಯೇ ಬಂತು, ಕಾರ್ಖಾನೆ ಕೊಟ್ಟ ಬಿಲ್ಲಿನ ರೊಕ್ಕವನ್ನು ಅಣ್ಣ ತನ್ನ ಮಗನ ಅಡ್ಮಿಷನ್ನಿಗೆ ಕಟ್ಟಿದ, ಸಾಲ ಉಳಿದಿದೆ ಎಂದು ತಮ್ಮನಿಗೆ ಹೇಳಿ ಎರಡು ಎಕರೆ ಬಿಡಿಸಿಕೊಂಡ. ಗೊತ್ತಿರುವುದು: ಎಲ್ಲವೂ. ಹೇಳುವುದು: “ಆ ವರ್ಷ ಕಬ್ಬು ಹಾಳಾತು.”

ಇನ್ನೊಂದು ಸಾಲು. ನಡೆದದ್ದು: ತಮ್ಮನಿಗೆ ಬಿಲ್ಲಿನ ವಿಷಯ ಮೊದಲೇ ಗೊತ್ತಿತ್ತು, ಅಣ್ಣನ ಮರ್ಯಾದೆಗೆಂದು ಸುಮ್ಮನೆ ಸಹಿ ಮಾಡಿದ. ಅಣ್ಣನಿಗೆ ಗೊತ್ತಿರುವುದು: ಇಲ್ಲ. ಹೇಳುವುದು: “ಅವಗೇನ ತಿಳೀತಿತ್ತು, ಭೋಳೆ ಮನುಷ್ಯಾ.”

ಮೊದಲ ಸಾಲಿನಲ್ಲಿ ಅವನು ಮುಚ್ಚಿಡುತ್ತಿದ್ದಾನೆ, ಎರಡನೆಯದರಲ್ಲಿ ತಾನೇ ಮೋಸಹೋಗಿದ್ದಾನೆ. ಎರಡೂ ಒಬ್ಬನೇ ನಿರೂಪಕನಲ್ಲಿ ಇದ್ದಾಗ ಅವನು ಖಳನಾಯಕನಾಗದೆ ಮನುಷ್ಯನಾಗಿ ಉಳಿಯುತ್ತಾನೆ. ಬರೀ ಸುಳ್ಳುಗಾರನ ಕತೆ ಓದುಗನಿಗೆ ಬೇಗ ಬೇಸರ ತರಿಸುತ್ತದೆ. ವಹಿಯಲ್ಲಿ ಎರಡನೆಯ ಬಗೆಯ ಸಾಲು ಒಂದಾದರೂ ಇರುವಂತೆ ನೋಡಿಕೊಳ್ಳಿ.

ಮೊದಲ ಕಾಲಮನ್ನು ಖಾಲಿ ಬಿಟ್ಟು “ಓದುಗರೇ ಊಹಿಸಿಕೊಳ್ಳಲಿ” ಎನ್ನುವವರಿದ್ದಾರೆ. ಹಾಗೆ ಬರೆದ ಕತೆಯಲ್ಲಿ ಹದಿನೈದು ಸಾಲಿನೊಳಗೆ ಸುಳಿವುಗಳು ಒಂದಕ್ಕೊಂದು ಹೊಡೆದಾಡುತ್ತವೆ. ಕತೆಯಲ್ಲಿ ಕೊನೆಗೂ ಗುಟ್ಟು ಬಿಡದಿದ್ದರೂ ಆಗುತ್ತದೆ, ನಿಮ್ಮ ವಹಿಯಲ್ಲಿ ಮಾತ್ರ ಗುಟ್ಟು ಇರಕೂಡದು.

ಕ್ರಿಯಾಪದದ ಬಾಲ ಹಿಡಿಯಿರಿ

ಕನ್ನಡದಲ್ಲಿ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಹಳ ಜನ ಬಳಸುವುದೇ ಇಲ್ಲ. ಹೇಳುವವನು ಕಣ್ಣಾರೆ ಕಂಡನೋ, ಕೇಳಿದನೋ, ಊಹಿಸಿದನೋ ಎಂಬುದನ್ನು ನಮ್ಮ ಮಾತು ಕ್ರಿಯಾಪದದ ತುದಿಯಲ್ಲೇ ಹೇಳಿಬಿಡುತ್ತದೆ. ಒಂದೇ ಸಂಗತಿಯನ್ನು ಇಳಿಸಿ ನೋಡಿ:

“ಸಹಿ ಮಾಡಿದ.” ಕಂಡವನ ಮಾತು.
“ಸಹಿ ಮಾಡಿದ್ದ.” ಆದ ಮೇಲೆ ಬಂದು ನೋಡಿದವನದೂ ಇರಬಹುದು.
“ಸಹಿ ಮಾಡಿದಂಗ ಇತ್ತು.” ಕಂಡದ್ದು ಅರೆಬರೆ.
“ಸಹಿ ಮಾಡಿರಬೇಕು.” ಊಹೆ.
“ಸಹಿ ಮಾಡಿದನಂತ.” ಇನ್ನೊಬ್ಬರ ಬಾಯಿಂದ ಬಂದದ್ದು.

ಕೊನೆಯ ‘ಅಂತ’, ಗ್ರಂಥಭಾಷೆಯ ‘ಅಂತೆ’, ನಂಬಲಾಗದ ನಿರೂಪಕನನ್ನು ಕಟ್ಟುವವರ ಕೈಯಲ್ಲಿ ಬಹಳ ಬೆಲೆಯ ಉಪಕರಣ. ಬಳಸುವ ಕ್ರಮ ಇಷ್ಟು: ಮೊದಲ ಪುಟದಲ್ಲಿ ಒಂದು ಸಂಗತಿಗೆ ‘ಅಂತ’ ಹಚ್ಚಿ ಹೇಳಿಸಿ. “ವಾಟ್ನಿ ದಿನಾ ಅವ ನಕ್ಕೊಂತ ಇದ್ದನಂತ.” ನಾಲ್ಕನೆಯ ಪುಟದಲ್ಲಿ ಅದೇ ಸಂಗತಿ ಬಾಲವಿಲ್ಲದೆ ಬರಲಿ. “ನಕ್ಕೊಂತ ಸಹಿ ಮಾಡಿದ.” ಕೇಳಿದ ಮಾತು ಕಂಡ ಮಾತಾಗಿಬಿಟ್ಟಿತು. ಯಾರೂ ಬೆರಳು ಮಾಡಿ ತೋರಿಸಬೇಕಿಲ್ಲ. ಓದುಗನ ಕಿವಿಗೆ ಅದು ತಾಗುತ್ತದೆ, ಯಾಕೆ ತಾಗಿತು ಎಂದು ಹಿಂದೆ ತಿರುಗಿ ನೋಡುತ್ತಾನೆ.

ತಿರುಗುಮುರುಗಾಗಿಯೂ ಮಾಡಬಹುದು. ತಾನೇ ಮಾಡಿದ ಕೆಲಸಕ್ಕೆ ನಿರೂಪಕ ‘ಅಂತ’ ಹಚ್ಚಿದರೆ ಅವನು ಜಾರಿಕೊಳ್ಳುತ್ತಿದ್ದಾನೆ: “ಆವತ್ತ ನಾ ಭಾಳ ಸಿಟ್ಟಿಗೆದ್ದಿದ್ದೆನಂತ.” ತನ್ನ ಸಿಟ್ಟನ್ನು ಊರವರ ಬಾಯಿಂದ ಕೇಳಿ ತಿಳಿದವನ ಹಾಗೆ ಮಾತಾಡುತ್ತಿದ್ದಾನೆ. ಇಂಥ ಸಾಲು ಕತೆಗೆ ಒಂದೇ ಸಾಕು.

ಒತ್ತು ಕೊಡುವ ಅಕ್ಷರಗಳೂ ಇದೇ ಕೆಲಸ ಮಾಡುತ್ತವೆ. ‘ನಾ ಕೊಟ್ಟೆ’ ಎಂದರೆ ಸುದ್ದಿ. ‘ನಾನ ಕೊಟ್ಟೆ’ ಎಂದರೆ ಬೇರೆ ಯಾರೋ ಕೊಟ್ಟರೆಂದು ಹೇಳುವವರಿದ್ದಾರೆ. ‘ನಾನಂತೂ ಕೊಟ್ಟೆ’ ಎಂದರೆ ಕೊಡದವರ ಮೇಲೆ ದೂರು. ‘ನಾನೂ ಕೊಟ್ಟೆ’ ಎಂದರೆ ಗುಂಪಿನಲ್ಲಿ ಮರೆಯಾಗುವ ಆಸೆ. ‘ತಾನಾಗೇ ಮಾಡಿದ’ ಎಂದು ಎರಡು ಸಲ ಅಂದರೆ, ತಾನಾಗಿ ಮಾಡಲಿಲ್ಲ ಎಂದು ಯಾರೋ ಎದುರು ಅಂದಿದ್ದಾರೆ ಎಂದೇ ಅರ್ಥ.

ಆಡುಮಾತಿನಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ಗ್ರಂಥಭಾಷೆಯ ‘ಬಂದಾನು’ ಎಂದರೆ ಬರಬಹುದು. ನಮ್ಮ ಉತ್ತರ ಕರ್ನಾಟಕದ ಕಡೆಯ ‘ಬಂದಾನ’ ಎಂದರೆ ಬಂದಿದ್ದಾನೆ. ಒಂದು ಕೊಂಬು ಹೆಚ್ಚುಕಡಿಮೆಯಾದರೆ ಸಂಶಯ ನಿಶ್ಚಯವಾಗುತ್ತದೆ, ನಿಶ್ಚಯ ಸಂಶಯವಾಗುತ್ತದೆ. ಅಚ್ಚಿಗೆ ಹೋಗುವ ಮೊದಲು ಇಂಥ ರೂಪಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ. ತಿದ್ದುವವರು ಬೇರೆ ಸೀಮೆಯವರಾಗಿದ್ದರೆ ಒಂದು ಟಿಪ್ಪಣಿ ಬರೆದು ಜೊತೆಗೆ ಕೊಡಿ.

ಮಾಡಿದ್ದು, ಆದದ್ದು

ತಪ್ಪು ಮಾಡಿದ ಮಗು “ಗ್ಲಾಸ ಒಡೀತು” ಅನ್ನುತ್ತದೆ, “ಒಡದ್ನಿ” ಅನ್ನುವುದಿಲ್ಲ. ದೊಡ್ಡವರೂ ಅಷ್ಟೇ. ಜಗಳ ತೆಗೆದೆ, ಜಗಳ ಆತು. ರೊಕ್ಕ ಖರ್ಚು ಮಾಡಿದೆ, ರೊಕ್ಕ ಖರ್ಚಾತು. ಕಾಗದ ಬರೆಸಿದೆ, ಕಾಗದ ಆತು. ಕರ್ತೃ ಇಲ್ಲದ ಈ ‘ಆತು’ ವಾಕ್ಯಗಳನ್ನು ಬೇಕಾದಲ್ಲಿ ಮಾತ್ರ ಇಡಬೇಕು. ನಿರೂಪಕ ಎತ್ತು ಕೊಂಡದ್ದು, ಬೋರು ಹೊಡೆಸಿದ್ದು, ಮಗಳ ಮದುವೆ ಮಾಡಿದ್ದು ಇವೆಲ್ಲ ‘ಮಾಡಿದೆ, ಕೊಟ್ಟೆ, ತಂದೆ’ ಎಂದು ಗಟ್ಟಿಯಾಗಿ ಬರಲಿ. ಕಬ್ಬಿನ ಬಿಲ್ಲಿನ ಮಾತು ಬಂದಾಗ ಮಾತ್ರ ವಾಕ್ಯ ತಿರುಗಲಿ: “ರೊಕ್ಕ ಬಂತು, ಹೋತು.” ನಾಲ್ಕು ಪುಟ ‘ನಾನು ಮಾಡಿದೆ’ ಎಂದವನು ಒಂದು ಕಡೆ ಮಾತ್ರ ಮರೆಯಾದರೆ ಆ ಜಾಗ ತಾನಾಗಿ ಎದ್ದು ಕಾಣುತ್ತದೆ. ಎಲ್ಲ ಕಡೆಯೂ ‘ಆತು, ಹೋತು’ ಎಂದು ಬರೆದರೆ ಅದು ಬರೀ ಶೈಲಿಯಾಗುತ್ತದೆ, ಸುಳಿವು ಸತ್ತುಹೋಗುತ್ತದೆ.

ಸಂಬಂಧದ ಹೆಸರುಗಳ ಮೇಲೂ ಕಣ್ಣಿಡಿ. ನಿರೂಪಕ ತಮ್ಮನನ್ನು ಹುಡುಗಿಯ ಮುಂದೆ ‘ನಿಮ್ಮಪ್ಪ’ ಎನ್ನುತ್ತಾನೆ, ಚಿಕ್ಕಂದಿನ ಮಾತು ಬಂದಾಗ ‘ನನ್ನ ತಮ್ಮ’ ಎನ್ನುತ್ತಾನೆ, ಜಮೀನಿನ ಮಾತಿಗೆ ಬಂದಾಗ ‘ಅವ’ ಆಗುತ್ತಾನೆ. ತಮ್ಮನ ಹೆಂಡತಿಯನ್ನು ಮೊದಲ ಪುಟದಲ್ಲಿ ‘ನಿಮ್ಮವ್ವ’ ಎಂದು, ಮೂರನೆಯದರಲ್ಲಿ ‘ಆಕಿ’ ಎಂದು, ಆರನೆಯದರಲ್ಲಿ ಅವಳ ತವರೂರಿನ ಹೆಸರು ಹಿಡಿದು ಕರೆದರೆ, ಮನೆಯೊಳಗಿನ ಬಿರುಕು ಒಂದು ವಿಶೇಷಣವೂ ಇಲ್ಲದೆ ತಿಳಿಯುತ್ತದೆ. ಇದು ಕನ್ನಡದ ಓದುಗನಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂಬುದನ್ನು ಒಮ್ಮೆ ಮಾಡಿ ನೋಡಿದರೆ ತಿಳಿಯುತ್ತದೆ.

ಓದುಗನ ಕೈಗೆ ಎಳೆ ಕೊಡುವುದು

ನಿರೂಪಕ ಮೋಸ ಮಾಡಬಹುದು, ಬರೆದವರು ಮಾಡಬಾರದು. ಎರಡನೆಯ ಸಲ ಓದುವವನಿಗೆ “ಇದು ಮೊದಲೇ ಇತ್ತು, ನಾನೇ ಗಮನಿಸಲಿಲ್ಲ” ಅನ್ನಿಸಬೇಕು. ಅದಕ್ಕೆ ಕನಿಷ್ಠ ಮೂರು ಸುಳಿವು ಬೇಕು. ಮೊದಲನೆಯದು ಕತೆಯ ಮೊದಲ ಕಾಲುಭಾಗದೊಳಗೆ ಬರಬೇಕು. ಮೂರೂ ಒಂದೇ ಜಾತಿಯವು ಇರಬಾರದು.

ಒಂದು ಜಾತಿ, ಲೆಕ್ಕ. “ಆ ವರ್ಷ ಕಬ್ಬು ಹಾಳಾತು” ಎಂದವನು ಎರಡು ಪುಟ ಆದ ಮೇಲೆ ಕಬ್ಬು ಕಡಿಯುವ ಗ್ಯಾಂಗಿನವರ ಬಗ್ಗೆ ಹೇಳುತ್ತ, “ಹನ್ನೆರಡು ಟ್ರ್ಯಾಕ್ಟರ್ ಲೋಡು ಹೋಗೂತನಕ ಅವರು ನಮ್ಮ ಹೊಲದಾಗನ ಗುಡಸಲಾ ಹಾಕ್ಕೊಂಡಿದ್ರು” ಎಂದು ಬಾಯಿ ತಪ್ಪಿ ಅನ್ನಲಿ. ಎರಡು ಟ್ರೇಲರಿನ ಟ್ರ್ಯಾಕ್ಟರಿಗೆ 15 ಟನ್ ಎಂದು ಹಿಡಿದರೂ 180 ಟನ್. ನಾಲ್ಕು ಎಕರೆಗೆ ಹಂಚಿದರೆ ಎಕರೆಗೆ 45 ಟನ್. ಮುಧೋಳ, ಜಮಖಂಡಿ, ರಾಯಬಾಗ ಕಡೆಯ ಓದುಗ ಈ ಗುಣಾಕಾರವನ್ನು ಬೆರಳಿನಲ್ಲೇ ಮಾಡುತ್ತಾನೆ. ಅದು ಹಾಳಾದ ಕಬ್ಬಲ್ಲ. ಕಬ್ಬು ಗೊತ್ತಿಲ್ಲದ ಓದುಗನಿಗೆ ಈ ಸುಳಿವು ಸಿಗುವುದಿಲ್ಲ, ಚಿಂತೆಯಿಲ್ಲ, ಅವನಿಗೆ ಬೇರೆ ಎರಡು ಇವೆ. ಆದರೆ ಲೆಕ್ಕವನ್ನು ನಿರೂಪಕನ ಬಾಯಿಂದ ಮಾಡಿಸಬೇಡಿ. ಲೋಡಿನ ಸಂಖ್ಯೆ ಒಂದು ಕಡೆ, ಎಕರೆಯ ಸಂಖ್ಯೆ ಇನ್ನೊಂದು ಕಡೆ, ನಡುವೆ ಕನಿಷ್ಠ ಒಂದು ಪುಟ.

ಇನ್ನೊಂದು ಜಾತಿ, ಎಲ್ಲರಿಗೂ ಗೊತ್ತಿರುವ ಹೊರಗಿನ ಸಂಗತಿ. ಅಮವಾಸ್ಯೆಯ ಬೆಳದಿಂಗಳು ಇಂಥದು. 2019ರ ಆಗಸ್ಟಿನ ಮಹಾಪೂರವೂ ಇಂಥದು. ಆ ದಿನಗಳಲ್ಲಿ ಗೋಕಾಕದೊಳಕ್ಕೆ ಘಟಪ್ರಭೆಯ ನೀರು ನುಗ್ಗಿತ್ತು ಎಂಬುದು ಈ ಸೀಮೆಗೆ ಗೊತ್ತು. ಅದೇ ವಾರ ಗೋಕಾಕದ ಹೊಳೆದಂಡೆಯ ಓಣಿಯಲ್ಲಿ ಸಾಲ ಕೊಟ್ಟವನ ಮನೆಗೆ ಹೋಗಿ ಚಾ ಕುಡಿದು ರೊಕ್ಕ ಮುಟ್ಟಿಸಿ ಬಂದೆ ಎನ್ನುವ ನಿರೂಪಕನನ್ನು ಯಾರೂ ನಂಬುವುದಿಲ್ಲ.

ಇಲ್ಲೊಂದು ಅಪಾಯವಿದೆ. ಅಮವಾಸ್ಯೆಗೆ ಬೆಳದಿಂಗಳು ಬರೆದರೆ, ಓದುಗ “ಬರೆದವರಿಗೇ ಪಂಚಾಂಗ ಗೊತ್ತಿಲ್ಲ” ಎಂದುಕೊಳ್ಳಬಹುದು. ತಪ್ಪು ನಿರೂಪಕನದೇ ಎಂದು ತಿಳಿಯಲು ಎರಡು ಆಧಾರ ಬೇಕು. ಆ ತಪ್ಪಿನಿಂದ ನಿರೂಪಕನಿಗೆ ಏನಾದರೂ ಲಾಭ ಇರಬೇಕು, ಮತ್ತು ಕತೆಯಲ್ಲಿ ಇನ್ನೊಂದು ಕಡೆ ನಿಜ ಇಣುಕಬೇಕು. ಆರನೆಯ ಪುಟದಲ್ಲಿ ಅವನ ಹೆಂಡತಿ ರೊಟ್ಟಿ ಬಡಿಯುತ್ತ, “ಆವತ್ತ ಕಂದೀಲ ನಾನ ಹಿಡಕೊಂಡ ಬಂದಿದ್ನೆಲ್ಲಾ, ಕತ್ತಲಾಗ ಸಹಿ ಎಲ್ಲಿ ಮಾಡ್ಬೇಕು ಅನ್ನೂದ ಕಾಣವಲ್ದಾಗಿತ್ತು” ಎನ್ನಲಿ. ಕಂದೀಲು ಬಂದ ಕೂಡಲೇ ಚಂದ್ರ ಹೋಯಿತು. ಹುಡುಗಿ ಏನೂ ಅನ್ನಬಾರದು. ನಿರೂಪಕನೂ ಹೆಂಡತಿಯ ಮಾತಿಗೆ ಉತ್ತರ ಕೊಡದೆ “ಚಾ ಮಾಡು” ಎಂದು ಮುಂದೆ ಹೋಗಲಿ.

ಮೂರನೆಯ ಜಾತಿ, ಬೇರೆಯವರ ಬಾಯಿ. ನಿರೂಪಕ ಬೇರೆಯವರ ಮಾತನ್ನು ಉದ್ಧರಿಸುವಾಗ ಆ ಮಾತು ಅವನಿಗೆ ತಿಳಿದದ್ದಕ್ಕಿಂತ ಹೆಚ್ಚು ಹೇಳಬೇಕು. ಕಾಗದಪತ್ರಗಳೂ ಇದೇ ಸಾಲಿಗೆ ಸೇರುತ್ತವೆ: ಉತಾರ, ತೂಕದ ಚೀಟಿ, ಸೊಸಾಯಿಟಿ ಪಾಸ್‌ಬುಕ್ಕು. ಕಾಗದವನ್ನು ಪೂರ್ತಿ ಓದಿಸದೆ ಒಂದು ತಾರೀಖು ಮಾತ್ರ ಕಾಣುವಂತೆ ಮಾಡಿ.

ಯಾವ ಬಗೆಯ ನಂಬಲಾಗದವನು?

ಜೇಮ್ಸ್ ಫೀಲನ್ ಎಂಬ ವಿಮರ್ಶಕರು ನಿರೂಪಕ ತಪ್ಪುವ ಮೂರು ದಾರಿ ಹೇಳುತ್ತಾರೆ: ಸಂಗತಿಯನ್ನು ತಪ್ಪಾಗಿ ಹೇಳುವುದು, ಸರಿಯಾಗಿ ಹೇಳಿ ತಪ್ಪಾಗಿ ಅರ್ಥ ಮಾಡುವುದು, ಅರ್ಥವನ್ನೂ ಸರಿಯಾಗಿ ಹಿಡಿದು ಸರಿ–ತಪ್ಪಿನ ತೂಕದಲ್ಲಿ ಎಡವುವುದು. ವಹಿಯ ಪ್ರತಿ ಸಾಲಿನ ಎದುರು ಇವುಗಳಲ್ಲಿ ಯಾವುದು ಎಂದು ಒಂದು ಗುರುತು ಹಾಕಿಕೊಳ್ಳಿ. ಹೊಸದಾಗಿ ಬರೆಯುವವರು ಎರಡನೆಯದರಿಂದ ಶುರುಮಾಡುವುದು ಒಳ್ಳೆಯದು, ಅದರಲ್ಲೂ ಮಗುವಿನ ದನಿಯಿಂದ. ಎಂಟು ವರ್ಷದ ಹುಡುಗಿ ಹೇಳಲಿ:

“ಅವ್ವನ ಪಾಟ್ಲಿ ಪತ್ತಾರ ಕಡೆ ತೊಳ್ಯಾಕ ಹೋಗ್ಯಾವು. ಪಂಚಮಿಗೆ ಬರತಾವು ಅಂದಿದ್ಲು. ಪಂಚಮಿ ಆತು, ಜೋಕಾಲಿನೂ ಬಿಚ್ಚಿದ್ರು. ಪತ್ತಾರ ಭಾಳ ಸಾವಕಾಶ ತೊಳೀತಾನ.”

ಹುಡುಗಿ ಒಂದು ಸುಳ್ಳೂ ಹೇಳಿಲ್ಲ. ಪಾಟ್ಲಿ, ಅಂದರೆ ಬಂಗಾರದ ಬಳೆ, ಅಡವಿಟ್ಟದ್ದು, ಬಿಡಿಸಿಕೊಳ್ಳಲು ಆಗದ್ದು ಓದುಗನಿಗೆ ಗೊತ್ತಾಯಿತು. ಮಗುವಿನ ದನಿ ಕೆಡುವುದು ಒಂದೇ ಕಾರಣಕ್ಕೆ: ಬರೆದವರ ಮರುಕ ಮಗುವಿನ ಬಾಯಿಗೆ ಬರುತ್ತದೆ. “ಅವ್ವನ ಬರಿಗೈ ನೋಡಿ ಹೊಟ್ಟಿಯಾಗ ಕಸಿವಿಸಿ ಆತು” ಎಂದು ಮಗು ಅಂದ ಕ್ಷಣ ಕತೆ ಮುಗಿಯಿತು. ಮಗುವಿಗೆ ಪತ್ತಾರನ ಮೇಲೆ ಸಿಟ್ಟಿರಲಿ, ಅಷ್ಟು ಸಾಕು.

ಮೂರನೆಯ ಬಗೆ ಎಲ್ಲಕ್ಕಿಂತ ಕಷ್ಟ. ಸೊಸೆಗೆ ಹೊಡೆದದ್ದನ್ನು ಮರೆಮಾಚದೆ, ಅದು ಮನೆಯ ಶಿಸ್ತು ಎಂದೇ ಶಾಂತವಾಗಿ ಹೇಳುವ ಅತ್ತೆಯ ಕತೆ ಬರೆಯಬೇಕಾದರೆ ನಿಮ್ಮ ನಿಲುವು ಒಂದು ಪದದಲ್ಲೂ ಹೊರಬೀಳಬಾರದು, ಆದರೂ ಓದುಗ ಅತ್ತೆಯ ಜೊತೆ ಹೋಗಬಾರದು. ಅದಕ್ಕೆ ಒಂದೇ ಉಪಾಯ ಕೆಲಸ ಮಾಡುತ್ತದೆ: ಸೊಸೆಯ ಮೈಮೇಲಿನ, ಕೈಯ ಮೇಲಿನ ಸಣ್ಣ ವಿವರಗಳನ್ನು ಅತ್ತೆಯ ಬಾಯಿಂದಲೇ, ದೂರಿನ ರೂಪದಲ್ಲಿ ಹೇಳಿಸುವುದು. “ಎಡಗೈಲೇ ಹಿಟ್ಟ ನಾದ್ತಾಳ, ಬಲಗೈ ಏಳಂಗಿಲ್ಲ ಅಂತಾಳ.”

ಯಾರ ಬಾಯಿ, ಯಾವ ಊರಿನ ಮಾತು

‘ನಾನು’ ಎಂದು ಹೇಳುವವನು ಪೂರ್ತಿ ಆಡುಮಾತಿನಲ್ಲಿ ಹೇಳಬೇಕೇ? ಎರಡು–ಮೂರು ಸಾವಿರ ಪದದವರೆಗೆ ಪೂರ್ತಿ ಆಡುಮಾತು ನಡೆಯುತ್ತದೆ. ಕಾದಂಬರಿಗೆ ಹೋದರೆ ನಿರೂಪಣೆಯನ್ನು ಹಗುರವಾದ ಬರಹದ ಭಾಷೆಯಲ್ಲಿಟ್ಟು, ಸಂಭಾಷಣೆ ಮತ್ತು ಜಾರಿಕೊಳ್ಳುವ ಜಾಗಗಳನ್ನು ಮಾತ್ರ ಆಡುಮಾತಿಗೆ ಬಿಡುವುದು ಒಳ್ಳೆಯದು. ‘ಐತಿ’ ಮತ್ತು ‘ಅದ’ ಎರಡೂ ನಮ್ಮ ಸೀಮೆಯಲ್ಲಿ ಕೇಳುತ್ತವೆ, ಊರಿನ ಮೇಲೆ, ಮನೆತನದ ಮೇಲೆ ಹೋಗುತ್ತವೆ. ಒಂದೇ ಬಾಯಿಗೆ ಎರಡನ್ನೂ ಹಾಕಬೇಡಿ. ಬೆಳಗಾವಿಯ ಬಾಯಿಗೆ ಮರಾಠಿ ಪದ ಸಹಜವೆಂದು ಪ್ರತಿ ಸಾಲಿಗೂ ಒಂದು ತುರುಕಿದರೆ ಪ್ರದರ್ಶನವಾಗುತ್ತದೆ. ಬಳಸುವ ಮೂವತ್ತು–ನಲವತ್ತು ರೂಪಗಳ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ: ಹ್ಯಾಂಗ ಎಂದು ಬರೆಯುತ್ತೀರೋ ಹೆಂಗ ಎಂದೋ, ಮಾಡತೇನಿ ಎಂದೋ ಮಾಡ್ತೀನಿ ಎಂದೋ. ನಿರೂಪಕನ ಮಾತು ಬದಲಾಗುವುದು ಸುಳಿವಾಗಬೇಕಾದರೆ ಉಳಿದೆಡೆ ಅದು ಅಲುಗಾಡಬಾರದು. ಉತಾರದ ಪ್ರಶ್ನೆ ಬಂದಾಗ ಮಾತ್ರ ನಮ್ಮ ರೈತ ಕಚೇರಿ ಕಾಗದದ ಕನ್ನಡಕ್ಕೆ ತಿರುಗಿ “ಸದರಿ ಜಮೀನು” ಎಂದರೆ, ಅವನು ಈ ಉತ್ತರವನ್ನು ಎಲ್ಲೋ ಮೊದಲೇ ತಯಾರಿ ಮಾಡಿಕೊಂಡಿದ್ದಾನೆ ಎಂದು ತಿಳಿಯುತ್ತದೆ.

ಕೆಡುವ ಜಾಗಗಳು

ಕೊನೆಯ ಸಾಲಿನಲ್ಲಿ “ನಾನು ಹೇಳಿದ್ದೆಲ್ಲ ಸುಳ್ಳು” ಎನ್ನುವುದು, ಅಥವಾ ಹೇಳುತ್ತಿದ್ದವನು ಸತ್ತುಹೋಗಿದ್ದ ಎಂದು ತೋರಿಸುವುದು. ಹಿಂದೆ ಸುಳಿವು ಇಲ್ಲದಿದ್ದರೆ ಇದು ಓದುಗನ ಒಂದು ಗಂಟೆಯನ್ನು ಕಿತ್ತುಕೊಂಡ ಹಾಗೆ.

“ಖರೇ ಹೇಳತೇನಿ”, “ಆಣಿ ಮಾಡಿ ಹೇಳತೇನಿ”, “ಸುಳ್ಳ ಯಾಕ ಹೇಳ್ಲಿ” ಎಂದು ಪುಟಕ್ಕೆ ನಾಲ್ಕು ಸಲ ಬರೆಯುವುದು. ಇಡೀ ಕತೆಗೆ ಒಂದು ಸಲ, ಅದೂ ಅವನು ನಿಜ ಹೇಳುವ ಜಾಗದಲ್ಲಿ ಇಡಿ. ಸುಳ್ಳಿನ ಜಾಗದಲ್ಲಿ ಅವನು ಆಣೆ ಇಡುವ ಬದಲು ವಿವರ ಕೊಡಲಿ.

ನಿರೂಪಕ ಇಲ್ಲದ ಕೋಣೆಯ ಸಂಭಾಷಣೆಯನ್ನು ಶಬ್ದಶಃ ಹೇಳಿಸುವುದು. ಬೇಕೇಬೇಕಿದ್ದರೆ ಯಾರು ಬಂದು ಹೇಳಿದರು ಎಂಬುದು ಒಂದು ಪದದಲ್ಲಾದರೂ ಇರಲಿ. ಇಲ್ಲದಿದ್ದರೆ ಅದು ನಿರೂಪಕನ ಕಲ್ಪನೆಯೋ ಬರೆದವರ ಮರೆವೋ ತಿಳಿಯುವುದಿಲ್ಲ.

ಕನ್ನಡಿಯ ಮುಂದೆ ನಿಲ್ಲಿಸಿ ಮೂಗು, ಬಣ್ಣ, ಮೀಸೆ ವರ್ಣಿಸುವುದು. ಬೇರೆಯವರು ಅವನನ್ನು ಹೇಗೆ ಕರೆಯುತ್ತಾರೆ ಎಂಬುದರಿಂದ ವಯಸ್ಸು, ಮರ್ಯಾದೆ ಎರಡೂ ತಿಳಿಯುತ್ತವೆ: ಒಬ್ಬರಿಗೆ ಕಾಕಾ, ಒಬ್ಬರಿಗೆ ಗೌಡ್ರು, ಹೆಂಡತಿಗೆ ‘ಕೇಳಿದ್ರೇನು’.

ತಿದ್ದುವಾಗ

ಮೊದಲ ಬರಹ ಮುಗಿದ ಮೇಲೆ ಒಂದು ವಾರ ಮುಚ್ಚಿಡಿ. ಆಮೇಲೆ ಮೂರು ಬಣ್ಣದ ಪೆನ್ಸಿಲ್ ಹಿಡಿದು ಕೂಡಿ. ನಿರೂಪಕ ಕಂಡದ್ದಕ್ಕೆ ನೀಲಿ, ಕೇಳಿದ್ದಕ್ಕೆ ಹಸಿರು, ಊಹಿಸಿದ್ದಕ್ಕೆ ಕೆಂಪು ಗೆರೆ ಎಳೆಯುತ್ತ ಹೋಗಿ. ಇಡೀ ಪುಟ ನೀಲಿಯಾದರೆ ಅವನಿಗೆ ಸಂಶಯವೇ ಇಲ್ಲ, ಸಂಶಯವಿಲ್ಲದವನ ಮೇಲೆ ಓದುಗನಿಗೂ ಸಂಶಯ ಹುಟ್ಟುವುದು ಕಷ್ಟ. ಹಸಿರು ಇದ್ದದ್ದು ಮುಂದೆ ನೀಲಿಯಾಗುವ ಜಾಗಗಳನ್ನು ವಹಿಯ ಜೊತೆ ಹೋಲಿಸಿ: ಬೇಕೆಂದು ಮಾಡಿದ್ದೋ, ಕೈತಪ್ಪೋ?

ಆಮೇಲೆ ‘ನಾನು’ ಎಣಿಸಿ. ಕನ್ನಡದ ಕ್ರಿಯಾಪದವೇ ಯಾರೆಂದು ಹೇಳುವುದರಿಂದ ‘ಹೋದೆ, ನೋಡಿದೆ, ತಂದೆ’ ಸಾಕು. ಮುನ್ನೂರು ಪದದ ಪುಟಕ್ಕೆ ನಾಲ್ಕಕ್ಕಿಂತ ಹೆಚ್ಚು ‘ನಾನು’ ಇದ್ದರೆ ಹೊಡೆದುಹಾಕಲು ಶುರುಮಾಡಿ. ಉಳಿದ ನಾಲ್ಕು ಎಲ್ಲಿವೆ ನೋಡಿ. ಅವು ಅವನು ತನ್ನನ್ನು ಸಮರ್ಥಿಸಿಕೊಳ್ಳುವ ಸಾಲುಗಳಲ್ಲೇ ಇರುವಂತೆ ಮಾಡಿ.

ಕೊನೆಗೆ ಇಬ್ಬರಿಗೆ ಓದಲು ಕೊಡಿ, ಒಬ್ಬರು ನಿಮ್ಮ ಸೀಮೆಯವರು, ಇನ್ನೊಬ್ಬರು ಮಂಡ್ಯವೋ ಮಂಗಳೂರೋ ಕಡೆಯವರು. ಕತೆ ಹೇಗಿದೆ ಎಂದು ಕೇಳಬೇಡಿ. ಮೂರೇ ಪ್ರಶ್ನೆ ಕೇಳಿ: ನಿಜವಾಗಿ ಏನು ನಡೆಯಿತು? ಹೇಳುವವನ ಮೇಲೆ ಮೊದಲು ಅನುಮಾನ ಬಂದದ್ದು ಯಾವ ಸಾಲಿನಲ್ಲಿ? ಅವನ ಮೇಲೆ ಸಿಟ್ಟು ಬಂತೋ, ಕನಿಕರವೋ? ಮೊದಲ ಪ್ರಶ್ನೆಗೆ ಇಬ್ಬರ ಉತ್ತರವೂ ವಹಿಯ ಮೊದಲ ಕಾಲಮಿಗೆ ಹತ್ತಿರ ಇದ್ದರೆ ಸುಳಿವು ಸಾಕಷ್ಟಿವೆ. ಇಬ್ಬರೂ ಮೊದಲ ಅರ್ಧ ಪುಟದಲ್ಲೇ ಅನುಮಾನಿಸಿದರೆ ಒಂದು ಸುಳಿವು ತೆಗೆಯಿರಿ. ನಿಮ್ಮ ಸೀಮೆಯವರಿಗೆ ಮಾತ್ರ ತಿಳಿದು ದೂರದವರಿಗೆ ಏನೂ ತಿಳಿಯದಿದ್ದರೆ, ಟ್ರ್ಯಾಕ್ಟರ್ ಲೋಡು ಹಾಗೇ ಇರಲಿ, ಕಂದೀಲಿನ ಮಾತನ್ನು ಒಂದು ಪುಟ ಮುಂಚೆ ತನ್ನಿ.